ನಿದ್ದೆಗೆ ಸೈಡು

ನರಸಿಂಹರಾಜಪುರ
೧೯ ಫೆಬ್ರವರಿ ೨೦೦೬

ಪ್ರೀತಿಯ ಇವರಿಗೆ,

ನಿಮ್ಮ ಕೃತಿಕಾಳ ನಮಸ್ಕಾರಗಳು. ನೀವೂ ಪುಟ್ಟಿಯೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಬಂದವಳು ಇಷ್ಟು ದಿನ ಒಂದು ಸಾಲೂ ಬರೆಯಲಿಲ್ಲವೆಂದು ಬೇಸರಿಸಬೇಡಿ. ಅಪ್ಪ ತೀರಿಕೊಂಡದ್ದನ್ನು ಫೋನಿನಲ್ಲಿ ಹೇಳಿದೆ, ಆದರೆ ಸುತ್ತ ಜನ ನಿಂತಿರುವಾಗ ಮತ್ತೇನು ಮಾತಾಡಲಿ? ನಿನ್ನೆ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟರು.

ಬಸವತ್ತೆಯ ಫೋನು ಬಂದ ದಿನ ನೀವು ಹಿಂದೆಮುಂದೆ ನೋಡದೆ, "ಪುಟ್ಟಿಯನ್ನ ನಾನು ನೋಡ್ಕೋತೀನಿ, ನೀನು ಹೊರಡು" ಅಂದಿರಲ್ಲ, ಅದನ್ನು ಈ ಜನ್ಮದಲ್ಲಿ ಮರೆಯಲಾರೆ. ಒಂದು ವಾರ ತಡವಾಗಿದ್ದರೂ ನನಗೆ ಅಪ್ಪ ಸಿಗುತ್ತಿರಲಿಲ್ಲ.

ಇಲ್ಲಿಗೆ ಬಂದು ಇಳಿದರೂ ಮೈಯೊಳಗೆ ಟೊರಾಂಟೊದ ಹೊತ್ತೇ ನಡೆಯುತ್ತಿತ್ತು. ಮಧ್ಯಾಹ್ನ ಊಟಕ್ಕೆ ಕುಳಿತರೆ ತಟ್ಟೆಯ ಮುಂದೆಯೇ ತೂಕಡಿಕೆ. ಪಕ್ಕದ ಮನೆಯ ಗುಡ್ಡಮ್ಮ, "ಅಪ್ಪನ್ನ ನೋಡಕ್ಕೆ ಬಂದವಳು ತಾನೇ ಮಲಗಿದಾಳಲ್ಲ ಮಾರಾಯ್ತಿ! ಬಿಸಿಲಲ್ಲಿ ನಾಕು ಹೆಜ್ಜೆ ನಡೆಸು, ಕಾಫಿ ಕೊಡು" ಎಂದರಂತೆ. ಅದಕ್ಕೆ ಬಸವತ್ತೆ, "ಮಲಗ್ಲಿ ಬಿಡೇ. ಹುಡುಗಿ ಬಂದು ಮುಟ್ಟಿದಾಳೆ, ಅವಳ ನಿದ್ದೆ ಇನ್ನೂ ದಾರೀಲಿದೆ" ಎಂದು ನನ್ನ ಕೋಣೆಯ ಬಾಗಿಲು ಮುಂದೆ ಮಾಡಿದರಂತೆ.

ಆ ಹಗಲಿನ ನಿದ್ದೆಯೇ ನನಗೆ ವರವಾಯಿತು. ಶಿವಮೊಗ್ಗದ ಡಾಕ್ಟರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ ಮೇಲೆ ಅಪ್ಪನಿಗೆ ರಾತ್ರಿ ಕಣ್ಣು ಮುಚ್ಚುತ್ತಿರಲಿಲ್ಲ. ತಿಂಗಳುಗಟ್ಟಲೆ ಆರೈಕೆ ಮಾಡಿ ಸೋತ ತಂಗಿ ಬಸವತ್ತೆಯನ್ನು ಎಬ್ಬಿಸಲು ಮನಸ್ಸಾಗದೆ, ನೋವು ನುಂಗಿಕೊಂಡು ಒಬ್ಬರೇ ಎಚ್ಚರವಾಗಿರುತ್ತಿದ್ದರು. ಮೊದಲ ರಾತ್ರಿ ನಾನು ಹೋಗಿ ಪಕ್ಕದಲ್ಲಿ ಕುಳಿತಾಗ, "ನಿಂಗೆಂತ ನಿದ್ದೆ ಬರಲ್ವೇನೆ?" ಎಂದರು.

"ಅಲ್ಲಿ ಈಗ ಹಗಲು ಅಪ್ಪಾ."

"ಹಂಗಾದ್ರೆ ನಂಗೂ ಹಗಲೇ ಅನ್ನು" ಎಂದು ನಕ್ಕರು.

ಅಂದಿನಿಂದ ಪ್ರತಿ ರಾತ್ರಿ ಮಾತು. ಬಸ್ ಡ್ರೈವರ್ ಆಗಿದ್ದ ಅಪ್ಪ ಚಿಕ್ಕಂದಿನಲ್ಲಿ ನನಗೆ ಸಿಕ್ಕಿದ್ದೇ ಕಡಿಮೆ. ನಾನು ಏಳುವ ಮೊದಲೇ ಶೃಂಗೇರಿಯ ಬಸ್ಸು ತೆಗೆದುಕೊಂಡು ಹೋಗಿರುತ್ತಿದ್ದರು, ಬರುವಷ್ಟರಲ್ಲಿ ನಾನು ಮಲಗಿರುತ್ತಿದ್ದೆ. ಈಗ ಮಂಚದ ಮೇಲಿಂದಲೇ ಕೊಪ್ಪ ದಾಟಿ, ತಿರುವು ತಿರುವಿನ ಕಥೆ ಹೇಳಿದರು. "ನಿಮ್ಮಮ್ಮ ಮೊದಲು ಹತ್ತಿದ್ದು ಹರಿಹರಪುರದಲ್ಲಿ. ಅವಳಿಗೆ ಟಿಕೆಟ್ ಹರೀಬೇಡ ಅಂತ ಕಂಡಕ್ಟರ್‌ಗೆ ಕಣ್ಣುಸನ್ನೆ ಮಾಡ್ದೆ. ಅವಳು ಬಿಡಬೇಕಲ್ಲ! ಚಿಲ್ಲರೆ ಎಣಿಸಿ ನನ್ನ ಸೀಟಿನ ಪಕ್ಕಕ್ಕೇ ಇಟ್ಟು ಇಳಿದು ಹೋದ್ಲು." ಅಮ್ಮ ಹೋಗಿ ಇಷ್ಟು ವರ್ಷವಾದರೂ ಇದನ್ನು ಯಾರಿಗೂ ಹೇಳಿರಲಿಲ್ಲವಂತೆ.

ಬಸ್ಸಿನಲ್ಲಿ ನಿದ್ದೆ ಬಂದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. "ನಿದ್ದೆ ಅಂದ್ರೆ ಎದುರು ಬರೋ ಲಾರಿ ಇದ್ದಂಗೆ. ಹಾರ್ನ್ ಹೊಡೆದು ಜಗಳ ಆಡಬಾರ್ದು. ಗಾಡಿ ಪಕ್ಕಕ್ಕೆ ಹಾಕಿ ಸೈಡು ಕೊಡಬೇಕು, ಅದರ ಪಾಡಿಗೆ ಹೋಗತ್ತೆ" ಎಂದರು. ನಾನೂ ಜಗಳ ಬಿಟ್ಟೆ. ಹಗಲು ಮಲಗಿದೆ, ರಾತ್ರಿ ಮಗಳಾಗಿದ್ದೆ. ಆ ರಾತ್ರಿಗಳನ್ನು ಕೊಟ್ಟ ದೇವರಿಗೆ, ನಿಮಗೆ, ಬಸವತ್ತೆಗೆ ನಾನು ಎಷ್ಟು ಕೈಮುಗಿದರೂ ಸಾಲದು.

ಬಸವತ್ತೆ ಈಗ ಸ್ವಲ್ಪ ಚೇತರಿಸಿಕೊಂಡಿದ್ದಾರೆ. ಅವರನ್ನು ಇಲ್ಲೇ ಕೊಪ್ಪದ ಹತ್ತಿರದ ನಾರ್ವೆ ಊರಿನಲ್ಲಿರುವ ಮಗಳ ಮನೆಗೆ ಬಿಟ್ಟು ನಾನು ಹೊರಡುತ್ತೇನೆ. ಪುಟ್ಟಿಗೆ ನನ್ನ ಮುತ್ತು. "ನಿಮ್ಮಿಬ್ಬರ ತಲೆ ಮೇಲೆ ಕೈಯಿಟ್ಟು ಹರಸಿದ್ದೇನೆ, ತಣ್ಣಗಿರಿ" ಎಂದು ಅತ್ತೆ ಬರೆಯಹೇಳಿದ್ದಾರೆ.

ನಿಮ್ಮ
ಕೃತಿಕಾ

ತಾ.ಕ.: ಇದನ್ನು ಬರೆಯುವುದು ಬೇಡವೆಂದೇ ಇದ್ದೆ. ಅಪ್ಪ ಹೋಗುವ ಹಿಂದಿನ ದಿನ ನನಗೆ ಹಗಲು ನಿದ್ದೆಯೇ ಬರಲಿಲ್ಲ. "ಅಂತೂ ನಮ್ಮ ಹೊತ್ತಿಗೆ ಬಂದ್ಲು ಹುಡುಗಿ" ಎಂದು ಗುಡ್ಡಮ್ಮ ಸಂತೋಷಪಟ್ಟರು. ಆ ರಾತ್ರಿ ಅಪ್ಪನ ಮಂಚದ ಪಕ್ಕ ಚಾಪೆ ಹಾಕಿಕೊಂಡು, ಎಲ್ಲರ ಹಾಗೆ ನಾನೂ ಮಲಗಿಬಿಟ್ಟೆ. ಬೆಳಿಗ್ಗೆ ಅತ್ತೆ ಬಂದು ಎಬ್ಬಿಸಿದಾಗ ಅಪ್ಪನ ಮುಖ ನನ್ನ ಚಾಪೆಯ ಕಡೆಗೆ ತಿರುಗಿತ್ತು. ಕರೆದರೋ ಇಲ್ಲವೋ, ನನಗೆ ಗೊತ್ತಿಲ್ಲ.