ಬಾಲ ನೋಡಿ ಬರೆದ ಕುಲಪಟ್ಟಿ

ಕೊಲ್ಲೂರು ಕಾಡಿನ ಅಂಚು
ಆಷಾಢದ ನಲವತ್ತೊಂದನೆಯ ದಿನ, ಕ್ರಿ.ಶ. 2431

ನಾಲ್ಕುನೂರು ವರ್ಷ ಹಿಂದಿನ ಹಿರಿಯರಿಗೆ, ಮಿತ್ರವಿಂದಾ ಮಾಡುವ ನಮಸ್ಕಾರಗಳು.

ತಾರೀಖು ಕಂಡು ಗಾಬರಿಯಾಗಬೇಡಿ. ಮಳೆ ಬಿಡುವವರೆಗೆ ನಾವು ಆಷಾಢವನ್ನು ಮುಗಿಸುವುದಿಲ್ಲ. ನನ್ನ ಕನ್ನಡ ವಿಚಿತ್ರವೆನಿಸಿದರೆ ಮನ್ನಿಸಿ, ನಿಮ್ಮ ಕಾಲದ ಪುಸ್ತಕ ಓದಿ ಕಲಿತದ್ದು.

ನಾನು ಕುಲಪಟ್ಟಿ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದವಳು. ಮನುಷ್ಯರ ರಕ್ತಸಂಬಂಧಿಗಳೆಂದು ಒಪ್ಪಿದ ಪ್ರಾಣಿಗಳ ಯಾದಿಗೆ ಕುಲಪಟ್ಟಿ ಎನ್ನುತ್ತೇವೆ. ಪಟ್ಟಿಗೆ ಸೇರಿದ ಪ್ರಾಣಿಯ ಕಾಡಿಗೆ ಯಾರೂ ಕೊಡಲಿ ಹಾಕುವಂತಿಲ್ಲ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್, ಗಿಬ್ಬನ್ ಎಲ್ಲ ಸೇರಿವೆ. ಎಲ್ಲೋ ದೂರದ ದ್ವೀಪದಲ್ಲಿ ಒಂದು ಒರಾಂಗುಟಾನ್ ಸತ್ತರೂ ನಮ್ಮ ಮನೆಗಳಲ್ಲಿ ಒಂದು ಹೊತ್ತು ಒಲೆ ಹಚ್ಚುವುದಿಲ್ಲ. ಮಕ್ಕಳು ಅವಲಕ್ಕಿ ಮೊಸರು ತಿಂದು ಶಾಲೆಗೆ ಹೋಗುತ್ತಾರೆ.

ಒಂದು ದಿನ ಕಾಡುಕಾವಲಿನ ಬಚ್ಚಿ ಸಿಂಗಳೀಕಗಳ ಪರವಾಗಿ ಅರ್ಜಿ ತಂದಳು. ಉಳಿದಿದ್ದದ್ದು ಹನ್ನೊಂದೇ, ಅವುಗಳ ಕಾಡಿನಲ್ಲೇ ನೀರಿನ ಕಾಲುವೆ ತೋಡುವ ಯೋಜನೆ. ನಮ್ಮ ನಿಯಮ ಸುಲಭ: ಬಾಲವಿಲ್ಲದ್ದು ವಾನರ, ಪಟ್ಟಿಯ ಒಳಗೆ, ಬಾಲವಿದ್ದದ್ದು ಕೋತಿ, ಹೊರಗೆ. ತಲೆ ಎತ್ತದೆ 'ಹೊರಗೆ' ಎಂದು ಬರೆದೆ. "ಬಾಲ ಕಂಡ್ ಕುಲ ಹೇಳೂದಾ ಅಮ್ಮ? ಅದ್ರ ಕೈ ಒಂದ್ಸಲ ಕಾಣಿ," ಎಂದಳು ಬಚ್ಚಿ. ಇವಳಿಗೇನು ಶಾಸ್ತ್ರ ಗೊತ್ತು ಎಂದು ಒಳಗೊಳಗೇ ನಕ್ಕೆ. ಆ ನಗು ನೆನೆದರೆ ಈಗ ನಾಚಿಕೆಯಾಗುತ್ತದೆ.

ಶಾಸ್ತ್ರ ಗೊತ್ತಿಲ್ಲದವಳು ನಾನೇ. ಅಮೆರಿಕದ ಕಾಡಿನ ಕೋತಿಗಳ ಕವಲು ಮೊದಲೇ ಬೇರೆಯಾಗಿತ್ತು. ಆಮೇಲೂ ಬಹುಕಾಲ ಸಿಂಗಳೀಕದ ಪೂರ್ವಜರೂ ನಮ್ಮ ಪೂರ್ವಜರೂ ಒಂದೇ. ಅಂದರೆ ಸಿಂಗಳೀಕ ಆ ಕೋತಿಗಳಿಗಿಂತ ನಮಗೇ ಹತ್ತಿರದ್ದು. ನಿಮ್ಮ ಕಾಲದ ಪುಸ್ತಕಗಳಲ್ಲೇ ಇದು ಇತ್ತು. ಕನ್ನಡ ಕಲಿಯಲು ತಿರುವಿಹಾಕಿದ ಪುಸ್ತಕಗಳಲ್ಲಿ ಆ ಪುಟವನ್ನು ಮಾತ್ರ ನಾನು ಓದಿರಲಿಲ್ಲ.

ಕಾಲುವೆ ಬಂತು, ಮರಗಳು ಹೋದವು. ಕೊನೆಗುಳಿದ ಹೆಣ್ಣು ಸಿಂಗಳೀಕವನ್ನು ಬಚ್ಚಿ ತನ್ನ ಜಗಲಿಯಲ್ಲಿ ಸಾಕಿದಳು. ಅದು ಕೈಕಾಲು ಸೋತು ಸಾಯುವ ಸ್ಥಿತಿಗೆ ಬಂದಾಗ ನನಗೂ ಹೇಳಿಕಳಿಸಿದಳು. ಅದು ನನ್ನ ಬೆರಳು ಹಿಡಿದುಕೊಂಡೇ ಸತ್ತಿತು. ಅದರ ಉಗುರು ನನ್ನ ಉಗುರಿನ ಹಾಗೇ ಚಪ್ಪಟೆಯಾಗಿತ್ತು. ಅಂದು ಊರಿನ ಎಲ್ಲ ಮನೆಗಳಲ್ಲೂ ಅಡುಗೆ ನಡೆಯಿತು. ಬಚ್ಚಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎದೆ ಸ್ವಲ್ಪ ಹಗುರಾಗುತ್ತಿತ್ತು.

ನಿಯಮವನ್ನು ಆಮೇಲೆ ತಿದ್ದಿದರು. ಏನು ಬಂತು?

ನಿಮ್ಮ ಕಾಲದಲ್ಲಿ ಅವು ಇನ್ನೂ ಮರಿಗಳನ್ನು ಹೊಟ್ಟೆಗವಚಿಕೊಂಡು ಮರದಿಂದ ಮರಕ್ಕೆ ಹಾರುತ್ತಿವೆ. ದಯವಿಟ್ಟು ಆ ಮರಗಳನ್ನು ಉಳಿಸಿಕೊಳ್ಳಿ. ಮತ್ತೆ, ಒಮ್ಮೆ ಅಲ್ಲಿಗೆ ಹೋಗಿ ದೂರದಲ್ಲೇ ನಿಂತು, ನನ್ನ ಪರವಾಗಿ ತಪ್ಪಾಯಿತೆಂದು ಹೇಳಿ ಬನ್ನಿ. ನಾನೇ ಕ್ಷಮೆ ಕೇಳೋಣವೆಂದರೆ ಇಲ್ಲಿ ಒಂದೂ ಉಳಿದಿಲ್ಲ.