ದೇವರ ತಪ್ಪಲೆಯಲ್ಲಿ ಬಿಯರ್

ಜಯರಾಮು,

ದೇವರಿಗೆ ಹಾಲು ಕಾಯಿಸುವ ತಪ್ಪಲೆಯಲ್ಲಿ ಮತ್ತೆ ನೀನು ಮನೆಯಲ್ಲೇ ಹುದುಗಿಸುವ ಬಿಯರ್ ಅಳೆದಿದ್ದೀಯಲ್ಲೋ! ತಳದಲ್ಲಿ ಉಳಿದದ್ದನ್ನು ನೋಡದೆ ಹಾಲು ಹೊಯ್ದೆ, ಒಡೆದುಹೋಯಿತು. ಥೂ, ಏನು ನಾತ!

ಬಿಯರ್ ಎಷ್ಟು ಹುದುಗಿದೆ ಎಂದು ನೋಡುವ ಒಂದು ಗಾಜಿನ ಕಡ್ಡಿ ತೇಲಿಸುವುದಕ್ಕೆ ತಪ್ಪಲೆ ತುಂಬ ಯಾಕೆ ಬೇಕು? ಕಡ್ಡಿ ಬಂದಿದ್ದ ಉದ್ದನೆಯ ಪ್ಲಾಸ್ಟಿಕ್ ಕೊಳವೆಯನ್ನು ತೊಳೆದಿಟ್ಟಿದ್ದೇನೆ, ಅದರಲ್ಲಿ ಅಳೆ. ಅರ್ಧ ಲೋಟ ಸಾಕು. ದಿನಾ ಬಕೆಟ್ಟಿನಿಂದ ತೆಗೆಯಬೇಡ, ಗುಳ್ಳೆ ಏಳುವುದು ನಿಂತ ಮೇಲೆ ತೆಗೆ. ಅಳೆದದ್ದನ್ನು ಸಿಂಕಿಗೆ ಚೆಲ್ಲದೆ ನೀನೇ ಕುಡಿ. ಇದೆಲ್ಲ ಬಿಯರ್ ಮಾಡುವ ನಿನ್ನ ಇಂಗ್ಲಿಷ್ ಪುಸ್ತಕದಲ್ಲೇ ಇದೆ. ರಾತ್ರಿ ಶಾಲೆಯಲ್ಲಿ ಇಂಗ್ಲಿಷ್ ಕಲಿತ ಮುದುಕಿಗೆ ತಿಳಿದದ್ದು ಇಂಜಿನಿಯರಿಗೆ ತಿಳಿಯಲಿಲ್ಲವೇ?

ತಪ್ಪಲೆಯನ್ನು ಹುಣಸೆಹಣ್ಣು ಹಾಕಿ ಮೂರು ಸಲ ಉಜ್ಜಿದೆ. ನಾಲ್ಕನೆಯ ಸಲ ನೀನು ಉಜ್ಜು. ಸಂಜೆ ಕೃಷ್ಣಮ್ಮನ ಮನೆಯಿಂದ ಬಂದವಳೇ ಮೂಸಿ ನೋಡುತ್ತೇನೆ. ನಾರಿದರೆ ಬೇಸ್‌ಮೆಂಟಿನ ಆ ಬಕೆಟ್ಟನ್ನು ಬಿಯರ್ ಸಮೇತ ಹಿತ್ತಿಲ ಹಿಮಕ್ಕೆ ಸುರಿಯುತ್ತೇನೆ.

ಅಮ್ಮ