ಅವ್ವ ನಡೆದೇ ಹೋದಳು

ಅತನೂರ, ತಾಲೂಕು ಅಫಜಲಪುರ
ತಾ. ೩೦ ಡಿಸೆಂಬರ್ ೧೯೪೦

ಪ್ರೀತಿಯ ಅಣ್ಣ ರೇವಣಪ್ಪನಿಗೆ ತಮ್ಮ ಸೈದಪ್ಪನ ಶರಣು ಶರಣಾರ್ಥಿ.

ನಿನ್ನ ಕೆಮ್ಮು ಹೇಗಿದೆ? ಶಾರದಾವೈನಿಯ ತಲೆಶೂಲೆ ಕಡಿಮೆಯಾಯಿತೇ? ಗಿರಣಿಯ ಹತ್ತಿ ಧೂಳು ಒಳಗೆ ಹೋಗದಂತೆ ಮೂಗಿಗೆ ಬಟ್ಟೆ ಕಟ್ಟಿಕೋ ಎಂದು ಅವ್ವ ಹೇಳಿದ್ದಾಳೆ. ಬಾಯಿಗೂ ಕಟ್ಟಿಕೋ ಎಂದು ನಾನು ಹೇಳುತ್ತೇನೆ. ಯಾಕೆ ಅನ್ನುವುದು ಮುಂದೆ ತಿಳಿಯುತ್ತದೆ. ನನ್ನ ಅಕ್ಷರಕ್ಕೆ ನಗಬೇಡ. ನಾಲ್ಕನೇ ಇಯತ್ತೆಗೆ ಎರಡು ವರ್ಷ ಹೋದರೂ ಅದು ನನ್ನನ್ನು ಮುಂದೆ ಬಿಡಲಿಲ್ಲ, ಅದು ನಿನಗೂ ಗೊತ್ತು.

ಸೊಲ್ಲಾಪುರದಿಂದ ನೀನು ಕಳಿಸಿದ ಪತ್ರ ಮುಟ್ಟಿತು, ಅದರೊಳಗಿನ ಕರಾರು ಕಾಗದವೂ ಮುಟ್ಟಿತು. ಅವ್ವನಿಗೆ ತವರಿನಿಂದ ಬಂದ ಹೊಳೆದಂಡೆಯ ಹೊಲವನ್ನು ಹತ್ತು ವರ್ಷ ಸಾವುಕಾರ ಹಣಮಂತರಾಯರಿಗೆ ಪಾಲಿಗೆ ಕೊಡಬೇಕು, ಅವ್ವನ ಹೆಬ್ಬೆಟ್ಟು ಒತ್ತಿಸಿ ಕಳಿಸಬೇಕು ಎಂದು ಬರೆದಿದ್ದೆ. ನಡೆಯಲಾರದವಳಿಗೆ ಹೊಲ ಯಾಕೆ ಎಂದೂ ಬರೆದಿದ್ದೆ. ನಾನು ಓದುತ್ತಾ ಆ ಸಾಲನ್ನು ನುಂಗಲು ನೋಡಿದೆ, ಆದರೆ ಅವ್ವ ನನ್ನ ಗಂಟಲನ್ನೇ ನೋಡುತ್ತಿದ್ದಳು. "ನುಂಗಿದ್ದು ಹೊರಗ ಹಾಕು" ಅಂದಳು, ಹಾಕಿದೆ. ಕೊನೆಗೆ ನೀನೇ ಬರೆದ ಮಾತು, "ಎಳ್ಳ ಅಮಾವಾಸಿಗೆ ಅವ್ವ ತನ್ನ ಕಾಲಿಲೆ ಹೊಲಕ್ಕ ಹೋದ್ರ ನಾ ಬಾಯಿ ಮುಚ್ಚಕೋತೇನಿ." ಅದನ್ನು ಅವ್ವ ನನ್ನಿಂದ ಮೂರು ಸಲ ಓದಿಸಿದಳು.

ಅಮಾವಾಸ್ಯೆಯ ಬೆಳಿಗ್ಗೆ ನಾನು ಗಾಡಿಗೆ ಎತ್ತು ಹೂಡುತ್ತಿದ್ದೆ. "ಗಾಡಿ ಬಿಚ್ಚು. ಗಾಡ್ಯಾಗ ಕುಂತ್ರ ರೇವಣ್ಯಾ ಗೆದ್ದಂಗ" ಅಂದಳು. ಬುಟ್ಟಿಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಾಳು ಸೊಪ್ಪು ಎಲ್ಲ ಕೂಡಿಸಿದ ಭಜ್ಜಿ, ಶೇಂಗಾದ ಹೋಳಿಗೆ, ಅಂಬಲಿಯ ಗಡಿಗೆ. ಬುಟ್ಟಿ ನನ್ನ ತಲೆಯ ಮೇಲೆ, ಕೋಲು ಅವಳ ಕೈಯಲ್ಲಿ. ಓಣಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಸುಭದ್ರಾಬಾಯಿ, "ನಿಂಬೆವ್ವಾ, ಸಂಜೀ ತನಕ ಮುಟ್ಟತೀ ಏನ ಬೇ?" ಅಂದಳು. "ಮುಟ್ಟಿ, ಉಂಡು, ತೇಗಿ ಬರ್ತೇನಿ. ನೀ ನಿನ್ನ ಒಲಿ ನೋಡ್ಕೋ" ಅಂದ ಅವ್ವ ತಿರುಗಿಯೂ ನೋಡಲಿಲ್ಲ.

ಒಂದು ಹರದಾರಿ, ಮೂರು ಮೈಲಿಯ ದಾರಿ ಅಣ್ಣಾ, ನೀನೂ ನಾನೂ ಜಾಲಿಕಾಯಿ ಎಸೆದಾಡಿದ ಅದೇ ದಾರಿ. ಅರ್ಧ ಸರಕಾರಿ ಬನದೊಳಗೆ, ಅರ್ಧ ಹೊಳೆಯ ದಂಡೆಯ ಮೇಲೆ. ಬನದ ಬಾಯಿಗೆ ಈ ವರ್ಷ ಮುಳ್ಳಿನ ಬೇಲಿ ಬಂದಿದೆ. ಕಟ್ಟಿಗೆ ಕಳುವಾಗುತ್ತದೆಂದು ಯಾರನ್ನೂ ಬಿಡುವುದಿಲ್ಲ, ಸುತ್ತು ಹಾಕಿ ಹೋಗಬೇಕು. ಕಾವಲುಗಾರ ಜಹೀರುದ್ದೀನ ಕೋಲು ಅಡ್ಡ ಹಿಡಿದ. ಸುತ್ತು ಹಾಕಿದರೆ ಎರಡು ಹರದಾರಿ, ಅಷ್ಟು ಅವ್ವನ ಕಾಲಿನಿಂದ ಆಗದು, ಹೊಲ ಅಲ್ಲೇ ಹೋಯಿತು ಅನಿಸಿತು. ಅವ್ವ ಮಾತ್ರ ಅವನ ಕೋಲಿನ ಮೇಲೆಯೇ ಕೈಯೂರಿ ನಿಂತಳು. "ನನ್ನ ಮೊಣಕಾಲು ಹೊರಾಕ ಆಗವಲ್ದು, ನಿನ್ನ ಗಿಡ ಎಲ್ಲಿ ಹೊರಲೋ ಮಗನ? ಇವತ್ತ ದಾರ್‍ಯಾಗ ಸಿಕ್ಕವರು ನಮ್ಮ ಹೊಲದಾಗ ಉಣಬೇಕು. ನೀ ಸಿಕ್ಕೀದಿ, ನಡಿ ಮುಂದ!" ಅವನು ನಕ್ಕುಬಿಟ್ಟ. "ಅಮ್ಮಾ, ನೌಕರಿ ಹೋಗ್ತದ್ರಿ" ಅನ್ನುತ್ತಲೇ ಬೇಲಿ ಸರಿಸಿದ, ಅನ್ನುತ್ತಲೇ ನನ್ನ ತಲೆಯ ಮೇಲಿನ ಬುಟ್ಟಿಯನ್ನೂ ಇಳಿಸಿಕೊಂಡ. ಭಜ್ಜಿಯ ವಾಸನೆ ಸರಕಾರಕ್ಕಿಂತ ದೊಡ್ಡದು.

ಒಳಗೆ ತಣ್ಣಗಿತ್ತು. ಜಾಲಿಯ ಹಳದಿ ಹೂವು ದಾರಿಯ ತುಂಬ ಉದುರಿತ್ತು. ಅವ್ವ ಪ್ರತಿ ಹುಣಸೆಮರಕ್ಕೂ ನಿಂತು ಮಾತಾಡಿಸಿದಳು. ದಣಿವಿಗೆ ನಿಲ್ಲುತ್ತಿದ್ದಳು ಎಂಬುದು ನನಗೆ ಗೊತ್ತು, ನಾನೂ ಮರವನ್ನೇ ನೋಡಿದೆ. ಹಳ್ಳ ದಾಟುವಲ್ಲಿ ಕಲ್ಲಿಗೆ ಪಾಚಿ ಕಟ್ಟಿತ್ತು. ಹೆಗಲ ಮೇಲೆ ಹೊರುತ್ತೇನೆ ಬಾ ಅಂದೆ. "ನಾಕು ಮಂದಿ ಹೊರೂ ದಿನ ಬ್ಯಾರೆ ಅದ. ಇವತ್ತ ನಾನೇ ನಡೀತೇನಿ" ಅಂದಳು. ಕಲ್ಲುಗಳ ಮೇಲೆ ಕುಳಿತು, ಕುಳಿತೇ ಸರಿದು, ಸೀರೆಯೆಲ್ಲ ತೋಯಿಸಿಕೊಂಡು ದಾಟಿದಳು. ತನ್ನ ಕಾಲಿಲೆ ಎಂದರೆ ನಿಂತೇ ನಡೆಯಬೇಕು ಎಂದು ನೀನೇನೂ ಬರೆದಿರಲಿಲ್ಲ.

ಹೊಲ ಕಾಣುತ್ತಲೇ ಕೋಲು ನನಗೆ ಕೊಟ್ಟಳು. ಬಿಳಿಜೋಳ ಎದೆಮಟ್ಟ ನಿಂತಿತ್ತು, ತೆನೆ ಹೊಟ್ಟೆಯೊಳಗೆ ತುಂಬಿತ್ತು. ಬಸುರಿ ಭೂಮ್ತಾಯಿಗೆ ಮೊದಲ ತುತ್ತು ಎಂದು ನಾಲ್ಕು ಬದುವಿಗೂ ತಾನೇ ನಡೆದು, ರೊಟ್ಟಿ ಭಜ್ಜಿ ಕಲಸಿದ ಚರಗ ಚೆಲ್ಲಿದಳು. ಜಹೀರುದ್ದೀನ ಹಿಂದೆ ಅಂಬಲಿಯ ಗಡಿಗೆ ಹಿಡಿದು, ಚೆಲ್ಲುತ್ತಾ ಅವಳು ಹಾಕಿದ ಚರಗದ ಕೂಗಿಗೆ ಓಗೊಟ್ಟ. ಆಮೇಲೆ ಅವನು ತಿಂದ ಹೋಳಿಗೆ ಎಷ್ಟು ಎಂದು ಹೇಳಿದರೆ ನಿನ್ನ ಕೆಮ್ಮು ಜಾಸ್ತಿಯಾದೀತು.

ಬರುವಾಗ ಪಕ್ಕದ ಹೊಲದ ದಶರಥನ ಗಾಡಿಯಲ್ಲಿ ಬಂದೆವು. ಅದಕ್ಕೆ ತಕರಾರು ತೆಗೆಯಬೇಡ, ನೀನು ಬರೆದದ್ದು ಹೋಗುವ ಮಾತು. ಎರಡು ದಿನದಿಂದ ಅವ್ವ ಮಲಗಿದ್ದಾಳೆ, ಬಿಸಿ ಎಣ್ಣೆ ತಿಕ್ಕುತ್ತಿದ್ದೇನೆ. ತಿಕ್ಕುವಾಗ ಚೀರುತ್ತಾಳೆ, ಚೀರಿದ ಮೇಲೆ ನಗುತ್ತಾಳೆ. ಇದನ್ನು ನಿನಗೆ ಬರೆಯಬೇಡ ಎಂದಿದ್ದಾಳೆ, ಅದಕ್ಕೇ ಬರೆದೆ. ಮುಂದೆಯೂ ಹೊಲ ನಾನೇ ಬಿತ್ತುತ್ತೇನೆ. ಹಣಮಂತರಾಯರಿಗೆ ಏನು ಹೇಳಬೇಕೋ ನೀನೇ ಹೇಳಿಕೋ, ನಿನ್ನ ಬಾಯಿ ಮುಚ್ಚಿದ್ದರೆ ಕೈಸನ್ನೆ ಮಾಡು.

ವೈನಿಗೆ ನನ್ನ ಶರಣು. ಅವ್ವನ ಆಶೀರ್ವಾದ ನಿಮ್ಮಿಬ್ಬರಿಗೂ, ನಿನಗೆ ಸ್ವಲ್ಪ ಬೈಗುಳವನ್ನೂ ಸೇರಿಸಿ.

ನಿನ್ನ ತಮ್ಮ,
ಸೈದಪ್ಪ

ತಾ.ಕ.: ಟಪಾಲಿನವನು ಬಾಗಿಲಲ್ಲೇ ನಿಂತಿದ್ದಾನೆ. ಕರಾರು ಕಾಗದವನ್ನು ಇದರೊಳಗೇ ಮಡಿಚಿ ಇಟ್ಟಿದ್ದೇನೆ. ಕೆಂಪಗೆ ಕಂಡರೆ ಹೆದರಬೇಡ. ಆವತ್ತು ಅವ್ವ ರೊಟ್ಟಿಗೆ ಹಚ್ಚಿಕೊಳ್ಳುವ ಖಾರದ ಶೇಂಗಾ ಹಿಂಡಿಯನ್ನು ಅದರಲ್ಲೇ ಕಟ್ಟಿಕೊಂಡಿದ್ದಳು. ಹೆಬ್ಬೆಟ್ಟು ಒತ್ತುವ ಜಾಗ ಖಾಲಿ ಇದೆ. ಒತ್ತಿರುವುದು ಹಣಮಂತರಾಯರ ಹೆಸರಿನ ಮೇಲೆ, ಉಂಡ ಕೈಯಿಂದ, ಬೇಕಂತಲೇ. ಅದನ್ನು ತಿಕ್ಕಿ ತೆಗೆಯಲು ನೋಡಬೇಡ ಅಣ್ಣಾ, ಗಟ್ಟಿಯಾಗಿ ಒತ್ತಿದ್ದಾಳೆ.